ಸೈನ್ ಹಾಕಲ್ಲ ಅಂದ ನಸ್ರೀನ್

“ಮಿಸ್, ಇದರಲ್ಲಿ ಬರೆದಿರೋದು ಸುಳ್ಳು. ನಾನು ಸೈನ್ ಹಾಕಲ್ಲ.”

ಎಂಟನೇ ಕ್ಲಾಸಿನ ನಸ್ರೀನ್ ಹೀಗಂದು ಪೆನ್ನು ಕೆಳಗಿಟ್ಟಾಗ ಪರೀಕ್ಷೆ ಶುರುವಾಗಲು ಐದೇ ನಿಮಿಷವಿತ್ತು. ನೆಲಮಂಗಲದ ಹತ್ತಿರದ ಸರ್ಕಾರಿ ಶಾಲೆಯೊಂದಕ್ಕೆ ನಾನು ಬೇರೆ ಶಾಲೆಯಿಂದ ಮೇಲ್ವಿಚಾರಣೆಗೆ ಹೋಗಿದ್ದೆ. ರಾಜ್ಯಮಟ್ಟದ ಪರೀಕ್ಷೆ. ಪ್ರಶ್ನೆಪತ್ರಿಕೆಯ ಲಕೋಟೆಯನ್ನು ಮಕ್ಕಳ ಎದುರೇ ಒಡೆದು, ‘ಸೀಲ್ ಭದ್ರವಾಗಿತ್ತು’ ಎಂಬ ಹಾಳೆಗೆ ಇಬ್ಬರು ಮಕ್ಕಳ ಸಹಿ ಪಡೆಯಬೇಕು ಅಂತ ನಿಯಮ. ಪತ್ರಿಕೆ ಎಣಿಸುವುದು ಬೇಗ ಮುಗಿಯಲಿ ಅಂತ ನಾನು ಸ್ಟಾಫ್ ರೂಮಿನಲ್ಲೇ ಕತ್ತರಿ ಆಡಿಸಿಬಿಟ್ಟಿದ್ದೆ. ಮೊದಲ ಬೆಂಚಿನ ಹುಡುಗ ಕಣ್ಣುಮುಚ್ಚಿ ಸಹಿ ಹಾಕಿದ. ಇವಳು ಹಾಳೆಯ ಮೇಲೆ ಬೆರಳಿಟ್ಟು ಓದಿದಳು, ಆಮೇಲೆ ಲಕೋಟೆಯನ್ನು ತಿರುಗಿಸಿ ನೋಡಿದಳು.

ಗದರಿದೆ. ಪೂಸಿ ಹೊಡೆದೆ. ಹೆಡ್‌ಮಾಸ್ಟರ್ ಓಡಿಬಂದು, “ಹಾಕಮ್ಮಾ ತಾಯಿ, ಬೆಲ್ ಹೊಡೀಬೇಕು” ಅಂತ ಕೈಮುಗಿದೇಬಿಟ್ಟರು. ಪರೀಕ್ಷೆ ಅವಳದ್ದು, ಬೆವರುತ್ತಿದ್ದವರು ನಾವು.

“ಇದ್ದದ್ದು ಬರೆದು ಹಾಕ್ತೀನಿ ಸಾರ್” ಅಂದವಳೇ, ‘ಲಕೋಟೆಯನ್ನು ಮೊದಲೇ ಕತ್ತರಿಸಿದ್ದರು’ ಅಂತ ದುಂಡಗೆ ಬರೆದು ಸಹಿ ಹಾಕಿದಳು. ಬೆಲ್ ಹೊಡೆಯಿತು. ಏನೂ ಆಗಿಲ್ಲವೆಂಬಂತೆ ಗಣಿತದ ಪೇಪರಿಗೆ ತಲೆ ಬಗ್ಗಿಸಿದಳು. ವಾರದೊಳಗೆ ಇಲಾಖೆಯಿಂದ ನನಗೆ ನೋಟಿಸ್ ಬಂತು. ಹುಡುಗಿ ಬರೆದದ್ದೇ ನಿಜ, ತಪ್ಪು ನನ್ನದು ಅಂತ ಬರೆದುಕೊಟ್ಟೆ. ಎಚ್ಚರಿಕೆ ಕೊಟ್ಟು ಬಿಟ್ಟರು.

ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಎಷ್ಟು ಹಾಳೆಗಳ ಮೇಲೆ ಸಹಿ ಗೀಚಿದ್ದೇನೋ ಲೆಕ್ಕವಿಲ್ಲ. ಪೂರ್ತಿ ಓದಿ ಹಾಕಿದ್ದು ಆ ತಪ್ಪೊಪ್ಪಿಗೆಗೆ ಮಾತ್ರ.