ಒತ್ತಾಯದ ಸೌಟು

ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ನನ್ನ ಕೆಲಸ ವೃದ್ಧಾಶ್ರಮಗಳ ತಪಾಸಣೆ. ಕಚೇರಿ ವಿಜಯವಾಡದಲ್ಲಿ, ಓಡಾಟ ಕರಾವಳಿಯುದ್ದಕ್ಕೂ. ಧಾರವಾಡದ ಹೆಣ್ಣುಮಗಳಾದ ನಾನು ಹೋದಲ್ಲೆಲ್ಲ ಮೊದಲು ಮೂಗು ತೂರಿಸುತ್ತಿದ್ದದ್ದು ಬಚ್ಚಲಿಗೆ, ಆಮೇಲೆ ಅಡುಗೆಮನೆಗೆ. ನನ್ನನ್ನು ಕಂಡರೆ ಮೇಲ್ವಿಚಾರಕರ ಎದೆ ಢವಢವ. ಸುಳ್ಳೇಕೆ, ನನಗದು ಖುಷಿಯನ್ನೇ ಕೊಡುತ್ತಿತ್ತು.

ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ಒಂದು ಆಶ್ರಮಕ್ಕೆ ಹೋದ ದಿನ ಮೇಲ್ವಿಚಾರಕಿ ನನ್ನನ್ನು ಬಾಗಿಲಲ್ಲೇ ಹಿಡಿದುಕೊಂಡರು. ಒಬ್ಬ ಅಜ್ಜಿ ಊಟ ಕಡಿಮೆ ಮಾಡಿ ಸೊರಗುತ್ತಿದ್ದಾರೆ, ಕಾಯಿಲೆ ಯಾವುದೂ ಸಿಗುತ್ತಿಲ್ಲ. ಡಾಕ್ಟರು ಮುಂದಿನ ಸಲ ಬಂದಾಗಲೂ ಹೀಗೇ ಇದ್ದರೆ ವಿಜಯವಾಡದ ಶುಶ್ರೂಷಾ ಕೇಂದ್ರಕ್ಕೆ ಕಳಿಸುವುದು ಖಂಡಿತ ಎಂದರು. ಅಜ್ಜಿ ನಮ್ಮ ಕಡೆಯವರೇ. ಬಂದರಿನಲ್ಲಿ ನೌಕರಿಯಲ್ಲಿದ್ದ ತೆಲುಗಿನವರೊಬ್ಬರನ್ನು ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದವರು. ಪಕ್ಕದ ಮಂಚದ ನಿವೃತ್ತ ಟೀಚರಮ್ಮ ಅವರ ಜೀವದ ಗೆಳತಿ. ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು, ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ವರಾಂಡಕ್ಕೂ ಹೋಗುತ್ತಿರಲಿಲ್ಲ.

“ಆಯಿ, ಯಾಕ ಸರಿಯಾಗಿ ಊಟಾ ಮಾಡವಲ್ಲಿರಿ?” ಎಂದೆ.

“ನನಗ ಹಸಿವಿಲ್ಲವಾ,” ಎಂದು ಗೋಡೆಯ ಕಡೆ ತಿರುಗಿದರು.

“ವಿಜಯವಾಡಕ್ಕೇ ಹೋಗಲಿ ಬಿಡಿ, ನನಗೂ ನೆಮ್ಮದಿ,” ಎಂದು ಟೀಚರಮ್ಮ ತೆಲುಗಿನಲ್ಲಿ ಗೊಣಗಿದರು. ಆದರೆ ಅವರ ಮುಖ ಬಾಡಿತ್ತು.

ಮಧ್ಯಾಹ್ನ ನಾನೂ ಅವರ ಪಕ್ಕದಲ್ಲೇ ಉಣ್ಣಲು ಕುಳಿತೆ. ಗೋಂಗೂರ ಪಪ್ಪು, ಅಂದರೆ ನಮ್ಮ ಪುಂಡಿಸೊಪ್ಪು ಹಾಕಿದ ಬೇಳೆ. ಆಹಾ! ಬಡಿಸುವಾಕೆ ಮತ್ತೆ ಬಂದು ಬೇಕೇ ಎಂದಾಗ ರೂಢಿಯಂತೆ “ಚಾಲಮ್ಮಾ, ಸಾಕು,” ಎಂದೆ. ಆಕೆ ಹೋಗಿಯೇ ಬಿಟ್ಟಳು! ಅರೆ, ಎಂಥ ಹೆಂಗಸಪ್ಪ ಇವಳು? ಮೊದಲ ಸಲಕ್ಕೇ ಹೂಂ ಅನ್ನಲು ನಾನೇನು ಬರಗೆಟ್ಟವಳೇ? ಇನ್ನೊಂದು ಸಲ ಕೇಳಬಾರದೇ? ಸಿಟ್ಟಿನಿಂದ ಪಕ್ಕಕ್ಕೆ ನೋಡಿದರೆ ಅಜ್ಜಿ, ತಟ್ಟೆಗೆ ಒಂದು ತುತ್ತು ಅನ್ನ ಬಿದ್ದೊಡನೆ “ಸಾಕು” ಎಂದು ಕೈ ಅಡ್ಡ ಹಿಡಿದರು. ಬಡಿಸುವಾಕೆ ಅಲ್ಲಿಂದಲೂ ಹೊರಟಳು.

ಕರೆದು ದಬಾಯಿಸಿದೆ. ಪಾಪ, ಆಕೆ ಪಾಲಿಸುತ್ತಿದ್ದದ್ದು ನಮ್ಮ ಕಚೇರಿಯದೇ ಹೊಸ ನಿಯಮ: ಹಿರಿಯರಿಗೆ ಬಲವಂತ ಮಾಡಕೂಡದು, ಸಾಕೆಂದರೆ ಅಲ್ಲಿಗೇ ನಿಲ್ಲಿಸಬೇಕು. ಎಲ್ಲೋ ಬಾಯಿಗೆ ತುರುಕಿದ್ದನ್ನು ಕಂಡು ಮಾಡಿದ ಒಳ್ಳೆಯ ನಿಯಮವೇ. ಉಳಿದವರು ಸಂಕೋಚ ಬಿಟ್ಟು ಕೇಳಲು ಕಲಿತಿದ್ದರು, ಅಜ್ಜಿ ಮಾತ್ರ ಕಲಿತಿರಲಿಲ್ಲ.

“ಬೇಕಂತ ಕೇಳಬಾರದೇನ್ರಿ ಆಯಿ?”

“ಬಾಯಿಬಿಟ್ಟು ಕೇಳಿ ಉಣ್ಣಾಕ ನಾ ಏನು ಭಿಕ್ಷಾ ಬೇಡಾಕ ಬಂದೇನೇನು?”

ಸೌಟು ಕಸಿದುಕೊಂಡೆ.

“ಬ್ಯಾಡವಾ, ಬ್ಯಾಡ!”

“ಇಷ್ಟ ಇಷ್ಟು, ಆಯಿ.”

“ಖರೇನ ಸಾಕವಾ.”

“ನನ್ನ ಆಣಿ ಐತಿ!”

ತಟ್ಟೆಯ ಮೇಲಿನ ಕೈ ಮೆಲ್ಲಗೆ ಸರಿಯಿತು. ಸುರಿದೆ. “ಅಯ್ಯ ಇಕೀನ, ಎಷ್ಟ ಹಾಕಿದಿ!” ಎಂದು ಬೈಯುತ್ತಲೇ ತಟ್ಟೆ ಬಳಿದು ಉಂಡರು. ಟೀಚರಮ್ಮನಿಗೆ ಇಷ್ಟು ನೋಡಿದ್ದೇ ಸಾಕಾಯಿತು. ಮರುದಿನದಿಂದ ಸೌಟು ಹಿಡಿದು ಗೆಳತಿಯ ಮುಂದೆ ನಿಲ್ಲುವುದು ಅವರದೇ ಅಧಿಕಾರವಾಯಿತು.

ವಿಜಯವಾಡಕ್ಕೆ ಮರಳಿ, ಬಾಯಿಗೆ ತುರುಕಬೇಡಿ, ಆದರೆ ಸಾಕೆಂದ ಮೇಲೂ ಉಪಚಾರ ಮಾಡಿ ಕೇಳಿ ಎಂದು ನಿಯಮ ತಿದ್ದಿಸಿದೆ. ನಮ್ಮ ಅಧಿಕಾರಿ ಬಿದ್ದು ಬಿದ್ದು ನಕ್ಕರು. “ಅತ್ತೆಮನೆಯಲ್ಲಿ ಮೊದಲ ಸಲಕ್ಕೇ ಒಪ್ಪಿದರೆ ನನ್ನ ಮರ್ಯಾದೆ ಏನಾಗಬೇಕು?” ಎಂದು ಸಹಿ ಹಾಕಿದರು.

ಡಾಕ್ಟರು ಬರುವ ದಿನ ನಾನೂ ಗಾಜುವಾಕದಲ್ಲಿದ್ದೆ. ಅವರು ಅಜ್ಜಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿ, ಇವರನ್ನು ಎಲ್ಲಿಗೂ ಕಳಿಸುವುದು ಬೇಡ ಎಂದರು.

“ಅಯ್ಯೋ ದೇವರೇ, ಇನ್ನು ಸಾಯುವ ತನಕ ಇವಳ ಗೊರಕೆ ಕೇಳಬೇಕಲ್ಲ!” ಎಂದರು ಟೀಚರಮ್ಮ. ಹಾಗೆಂದವರೇ ಗೆಳತಿಯ ಸೊಂಟವನ್ನು ತಬ್ಬಿಕೊಂಡು, ಡಾಕ್ಟರ ಎದುರೇ ಗಟ್ಟಿಯಾಗಿ ಅತ್ತುಬಿಟ್ಟರು.