ಮುಂದಿನ ಸೀಟಿನವಳು

ಇವತ್ತು, ಗೌರಿ ಹಬ್ಬದ ಹಿಂದಿನ ದಿನ, ಬೆಳಿಗ್ಗೆ ಏಳು ಗಂಟೆ, ಮಳವಳ್ಳಿ ಪೇಟೆ ಬೀದಿ. ಇದ್ದವರು ನಾನು, ನಮ್ಮ ಯಜಮಾನರು, ಮೊರ ಮಾರುವ ಹೆಂಗಸು. ಯಜಮಾನರು ಸ್ಕೂಟರಿನಿಂದ ಇಳಿದಿರಲಿಲ್ಲ. ನಾನು ಬಾಗಿನಕ್ಕೆ ಮೊರ ಆರಿಸುತ್ತಿದ್ದೆ.

ರಾತ್ರಿ ಮಳೆ ಬಿದ್ದು ಮೊರಗಳೆಲ್ಲ ತೇವವಾಗಿದ್ದವು. ಒಂದನ್ನು ಕೈಗೆತ್ತಿಕೊಂಡೆ. ಹಸಿ ಬಿದಿರಿನ ವಾಸನೆ, ಅದರ ಮೇಲೆ ಒದ್ದೆ ಅರಿಸಿನದ ವಾಸನೆ... ಕೈ ಅಲ್ಲೇ ನಿಂತಿತು.

“ಯಾಕವ್ವಾ ಅಂಗ್ ದುರುಗುಟ್ಕಂಡ್ ನೋಡ್ತೀಯ? ನನ್ ಮೊರ ಏನ್ ಮಾಡುದ್ವು ನಿಂಗೆ?” ಎಂದಳು ಆ ಹೆಂಗಸು.

ಮೊರ ಮಾಡಿದ್ದು ಬಹಳವಿದೆ. ಅವಳಿಗೆ ಹೇಳಲು ಪುರಸೊತ್ತಿರಲಿಲ್ಲ. ಇಲ್ಲಿ ಬರೆಯುತ್ತೇನೆ.

ನಲವತ್ತು ವರ್ಷಕ್ಕೂ ಹಿಂದಿನ ಮಾತು. ಮದ್ದೂರು ಕಡೆಯ ದೊಡ್ಡ ಕೆರೆಯೊಂದರಲ್ಲಿ ಹುಡುಗಿಯರಿಗೆ ಕಯಾಕ್ ಕಲಿಸುತ್ತಿದ್ದರು. ಕಯಾಕ್ ಎಂದರೆ ಹಲಸಂದೆ ಕಾಯಿಯ ಹಾಗೆ ಉದ್ದಕ್ಕೆ, ಸಪೂರವಾಗಿರುವ ದೋಣಿ. ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ಎಳೆಯಬೇಕು. ಒಂದು ಸೀನು ಸೀನಿದರೂ ಮಗುಚಿಕೊಳ್ಳುತ್ತದೆ. ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ನಮ್ಮ ಕೋಚ್. ಅವರಿಗೆ ತಡವಾಗಿ ಬರುವವರನ್ನು ಕಂಡರೆ ಆಗದು, ಅಳುವವರನ್ನು ಕಂಡರೆ ಆಗದು. ದೋಣಿಗೆ ಪೂಜೆ ಮಾಡುವವರನ್ನು ಕಂಡರಂತೂ ಮೈಯೆಲ್ಲ ಉರಿ. ದೋಣಿಯ ಮೂತಿಗೆ ನಿಂಬೆಹಣ್ಣು ಕಟ್ಟಿದಳೆಂದು ಒಬ್ಬ ಹುಡುಗಿಯನ್ನು ಅದೇ ದಿನ ಬಸ್ಸು ಹತ್ತಿಸಿ ಊರಿಗೆ ಕಳಿಸಿದ್ದರು. ನನಗೆ ಅವರು ಹಿಡಿಸಿದ್ದರು. ನಮ್ಮಪ್ಪ ಹೈಸ್ಕೂಲು ಹೆಡ್ ಮಾಸ್ಟರು. ಗಂಟೆ ಹೊಡೆದ ಮೇಲೆ ಗೇಟಿನೊಳಗೆ ಬಂದರೆ ಸ್ವಂತ ಮಗಳಿಗೂ ಹೊರಗೆ ನಿಲ್ಲುವ ಶಿಕ್ಷೆ. ಆ ಮನೆಯಲ್ಲಿ ಬೆಳೆದವಳಿಗೆ ಈ ಕೋಚ್ ಹೊಸಬರೇನಲ್ಲ.

ಇಬ್ಬರು ಕೂರುವ ದೋಣಿಯಲ್ಲಿ ನನ್ನದು ಹಿಂದಿನ ಸೀಟು. ಮುಂದೆ ಅವಳು. ಪೂರಿಗಾಲಿ ಕಡೆಯ ಬೇಸಾಯದ ಮನೆಯ ಹುಡುಗಿ, ನನಗಿಂತ ಒಂದೆರಡು ವರ್ಷ ದೊಡ್ಡವಳು. ಬಾಯಿ ತುಂಬ ಅಕ್ಕ ಎನ್ನುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆ ಬೇಕಿಲ್ಲ.

ಮುಂದಿನ ಸೀಟಿನವಳೇ ದೋಣಿಯ ಯಜಮಾನಿ. ದಾರಿ ಕಾಣುವುದು ಅವಳಿಗೆ. ಕಾಲಿನಲ್ಲಿ ಚುಕ್ಕಾಣಿ ತಿರುಗಿಸುವವಳೂ ಅವಳೇ, ತಾಳ ಹಾಕುವವಳೂ ಅವಳೇ. ಹಿಂದಿನವಳು ಆ ತಾಳಕ್ಕೆ ತನ್ನ ತಾಳ ಸೇರಿಸಬೇಕು. ಅವಳಿಗೆ ಕಾಣುವುದು ಒಂದು ಬೆನ್ನು, ಒಂದು ಜಡೆ, ಅಷ್ಟೆ. ಮುಂದಿನ ಹುಟ್ಟಿನಿಂದ ಹಾರಿದ ನೀರೆಲ್ಲ ಅವಳ ಮುಖಕ್ಕೆ.

ಅವಳು ಕೆಟ್ಟದಾಗಿ ಹುಟ್ಟು ಹಾಕುತ್ತಿದ್ದಳು ಎಂದು ಬರೆಯಲು ನನಗೂ ಆಸೆ. ಆದರೆ ಸುಳ್ಳಾಗುತ್ತದೆ. ಅವಳ ಬೆನ್ನು ನೋಡುತ್ತ ನೋಡುತ್ತ ನನ್ನ ಕೈ ತಾನಾಗಿ ಆಡುತ್ತಿತ್ತು. ಉಸಿರೂ ಒಂದೇ ಆಗಿಬಿಡುತ್ತಿತ್ತು... ಅವಳ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹಿಂದೆ ತಿರುಗದೆಯೇ ಕೂಗುತ್ತಿದ್ದಳು. “ಏನಮ್ಮಿ ಎಡ್ಮಾಸ್ಟ್ರು ಮಗಳೇ, ಕೆರೆಗೂ ಗಂಟೆ ಒಡ್ದುಬುಟ್ಯಾ? ಮೈ ಬುಡು ವಸಿ! ಒನಕೆ ನುಂಗ್ದೋಳಂಗ್ ಕೂತಿದ್ದೀಯಲ್ಲ!”

ಆ ವರ್ಷ ರಾಜ್ಯ ತಂಡಕ್ಕೆ ಒಂದೇ ಜೋಡಿಯನ್ನು ತೆಗೆದುಕೊಳ್ಳುವುದಿತ್ತು. ನನಗೆ ಆ ಸೀಟು ಬೇಕಿತ್ತು. ಓದಿನಲ್ಲಿ ನಾನು ಸಾಧಾರಣ, ಹಾಡು ಬಾರದು, ರೂಪ ಹೇಳಿಕೊಳ್ಳುವಂಥದ್ದಲ್ಲ. ನೀರಿನ ಮೇಲೆ ಮಾತ್ರ ನಾನು ಯಾರಿಗೂ ಕಡಿಮೆಯಿರಲಿಲ್ಲ. ಇದು ನನಗೂ ಗೊತ್ತಿತ್ತು, ಕೋಚಿಗೂ ಗೊತ್ತಿತ್ತು, ಅವಳಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಆಯ್ಕೆಯ ರೇಸಿಗೆ ಮುಂಚೆ ಒಳ್ಳೆಯ ಮಳೆಯಾಗಿ ಕೆರೆ ಕೋಡಿ ಬಿತ್ತು. ಕೆರೆ ತುಂಬಿದರೆ ನಮ್ಮ ಕಡೆ ಹೆಂಗಸರು ಸುಮ್ಮನಿರುವುದಿಲ್ಲ. ಗಂಗೆಪೂಜೆ ಮಾಡಿ ನೀರಿಗೆ ಬಾಗಿನ ಬಿಡುತ್ತಾರೆ. ಅರಿಸಿನ ಹಚ್ಚಿದ ಮೊರದಲ್ಲಿ ಬಳೆ, ಕುಂಕುಮ, ರವಿಕೆ ಕಣ, ಬೇಳೆ, ಬೆಲ್ಲ. ರೇಸಿನ ದಿನ ಬೆಳಿಗ್ಗೆ ಕೋಚ್ ಗೊಣಗುತ್ತ ಆಳುಗಳನ್ನು ಇಳಿಸಿ, ತೇಲುತ್ತಿದ್ದ ಮೊರಗಳನ್ನೆಲ್ಲ ದಡಕ್ಕೆ ಎಳೆಸಿದರು. ಎಲ್ಲೋ ಜೊಂಡಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಮೊರ ಅವರ ಕಣ್ಣಿಗೆ ಬೀಳಲಿಲ್ಲ.

ಪೀಪಿ ಊದಿದಾಗಿನಿಂದ ನಾವೇ ಮುಂದಿದ್ದೆವು. ದಡದ ಕೂಗು ಕೇಳಿಸುವಷ್ಟು ಹತ್ತಿರ ಬಂದಿದ್ದೆವು. ಇನ್ನೇನು ಗೆದ್ದಂತೆಯೇ. ಆಗ ಆ ಬೆನ್ನು ಬಿಗಿಯಿತು. ಅವಳ ಹುಟ್ಟು ಗಾಳಿಯಲ್ಲೇ ನಿಂತಿತು. ನನ್ನದು ಆಗಲೇ ನೀರಿನೊಳಗಿತ್ತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಅಲಗನ್ನು ನೀರಿನ ಮೇಲೆ ಅಡ್ಡ ಒತ್ತಿ ಮಗುಚದಂತೆ ಹಿಡಿದವಳು ನಾನು. ಮೊರ ನನಗೆ ಕಂಡದ್ದು ಆಮೇಲೆ. ಒದ್ದೆ ಬಿದಿರು, ಹಸಿರು ಬಳೆ, ಕೈ ಚಾಚಿದರೆ ಸಿಗುವಷ್ಟು ಪಕ್ಕದಲ್ಲಿ ಹಾದುಹೋಯಿತು. ನಮ್ಮ ಅಲೆಗೇ ಮೊರ ಓರೆಯಾಗಿ, ನೀರು ತುಂಬಿಕೊಂಡು, ನನ್ನ ಕಣ್ಣೆದುರೇ ಮುಳುಗಿತು. ಅಷ್ಟರಲ್ಲಿ ಎರಡು ದೋಣಿ ನಮ್ಮನ್ನು ದಾಟಿದ್ದವು.

“ಯಾಕೆ ನಿಲ್ಲಿಸಿದೆ ಅಕ್ಕಾ?” ಎಂದು ಕಿರುಚಿದೆ.

“ಮುತ್ತೈದೇರು ಬುಟ್ಟಿರೋ ಬಾಗ್ನ ಕಣಮ್ಮಿ... ಉಟ್ಟು ತಗುಲ್ಸಬಾರ್ದು.”

ಅವಳಿಗೆ ಗಂಡು ಗೊತ್ತಾಗಿತ್ತು, ಲಗ್ನ ಹತ್ತಿರವಿತ್ತು. ಭಯಪಟ್ಟಳು. ಅಲ್ಲಿಯವರೆಗೆ ನನಗೆ ಅವಳ ಮೇಲೆ ದ್ವೇಷವಿಲ್ಲ. ನಾನೇ ಮುಂದಿದ್ದು, ನನಗೇ ಲಗ್ನ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ದಡಕ್ಕೆ ಬಂದೆವು. ಕೋಚ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಏನಾಯಿತು?” ಎಂದರು. ಅವಳು ಒಂದು ಸಲ ಕೆರೆಯ ಕಡೆ ನೋಡಿದಳು. ನೀರಿನ ಮೇಲೆ ಏನೂ ಇರಲಿಲ್ಲ.

“ಇಂದಿನೋಳು ತಾಳ ತಪ್ಪುದ್ಲು ಸಾ.”

ನಾನು ಮೊರ ಎಂದೆ, ಬಾಗಿನ ಎಂದೆ. “ಎಲ್ಲಿದೆ ತೋರಿಸು” ಎಂದರು ಕೋಚ್. ಏನನ್ನು ತೋರಿಸಲಿ? ದಡದಿಂದ ನೋಡಿದವರಿಗೆ ಕಂಡದ್ದು ಎರಡು ಹುಟ್ಟು ಬೇರೆಬೇರೆಯಾದದ್ದು ಮಾತ್ರ. ತಾಳ ತಪ್ಪಿದರೆ ತಪ್ಪು ಹಿಂದಿನವಳದ್ದು, ಅದು ಆ ದೋಣಿಯ ಕಾನೂನು. ಅವಳು ತಲೆ ಬಗ್ಗಿಸಿ ಜಡೆ ಹಿಂಡುತ್ತ ನಿಂತಿದ್ದಳು.

ಅವಳ ಹಾಗೆ ತಾಳ ಹಾಕುವವರು ಬೇರೆ ಇಲ್ಲವೆಂದು, ಗೆದ್ದ ಜೋಡಿಯನ್ನೂ ಬಿಟ್ಟು ಕೋಚ್ ಅವಳನ್ನೇ ಮುಂದಿನ ಸೀಟಿಗೆ ಇಟ್ಟುಕೊಂಡರು. ಹಿಂದೆ ಬೇರೆ ಹುಡುಗಿಯನ್ನು ಕೂರಿಸಿದರು. ಬಾಗಿನಕ್ಕೆ ಹೆದರಿದವಳು ರಾಜ್ಯ ತಂಡಕ್ಕಾಗಿ ಲಗ್ನವನ್ನೇ ಮುಂದಕ್ಕೆ ಹಾಕಿಸಿದಳು! ಕಂಚಿನ ಪದಕ ತಂದಳು. ಊರಿನವರು ಹಾರ ಹಾಕಿದ ದಿನ ನಾನೂ ಹೋಗಿದ್ದೆ. ಅಂಗೈ ಉರಿಯುವ ಹಾಗೆ ಚಪ್ಪಾಳೆ ತಟ್ಟಿದೆ. ನೋಡಿದಳು. ನಕ್ಕಳು ಕೂಡ.

ನಾನು ದೈಹಿಕ ಶಿಕ್ಷಕಿಯಾದೆ. ಐದಕ್ಕೆ ಏಳುವುದು, ಏಳಕ್ಕೆ ಮೈದಾನ, ರಾತ್ರಿ ಒಂಬತ್ತಕ್ಕೆ ದೀಪ ಆರಿಸುವುದು. ಒಂದು ದಿನವೂ ತಪ್ಪಿಸಿದವಳಲ್ಲ. ಸಿಟ್ಟನ್ನೂ ಹಾಗೆಯೇ ಶಿಸ್ತಾಗಿ ಇಟ್ಟುಕೊಂಡೆ. ಅವಳ ಮದುವೆಗೆ ಹೋದೆ, ಮಗಳ ನಾಮಕರಣಕ್ಕೆ ಹೋದೆ. ಎಲ್ಲಿ ಸಿಕ್ಕರೂ ಮಾತಾಡಿಸಿದೆ. ಅವಳ ಬಾಯಿಂದ ಒಂದು ಮಾತು ಬರಬೇಕಿತ್ತು: ನಿಲ್ಲಿಸಿದ್ದು ನಾನು. ಅದೂ ಎಲ್ಲರ ಎದುರಿಗೆ. ಬರಲಿಲ್ಲ. ಬರುವವರೆಗೆ ಬಿಡುವುದಿಲ್ಲವೆಂದು ನಾನೂ ಕೂತೆ.

ನಿವೃತ್ತಿಯ ನಂತರ ಇಲ್ಲಿ ನಾವು ನಾಲ್ಕಾರು ಮಂದಿ ಸೇರಿ ಕೆರೆ ದಂಡೆಯಲ್ಲಿ ಒಂದು ಶೆಡ್ಡು ಹಾಕಿ, ಮಕ್ಕಳಿಗೆ ಕಯಾಕ್ ಕಲಿಸಲು ಶುರು ಮಾಡಿದೆವು. ಎರಡು ವರ್ಷದ ಹಿಂದೆ ಮಕ್ಕಳ ಸ್ಪರ್ಧೆಯ ದಿನ ಅವಳೂ ಮಗಳ ಜೊತೆ ಬಂದಳು. ತಲೆ ನರೆತಿತ್ತು, ಬಾಯಿ ಮಾತ್ರ ಹಾಗೇ ಇತ್ತು.

“ಬಾರಮ್ಮಿ, ಒಂದ್ ಸುತ್ತು ಓಗ್ಬರಾಣ. ಮಕ್ಳೂ ನೋಡ್ಲಿ, ಮುದುಕೇರು ಎಂಗ್ ಉಟ್ಟಾಕ್ತಾರೆ ಅಂತ.”

“ಬರುತ್ತೇನೆ. ಮುಂದಿನ ಸೀಟು ನನ್ನದು” ಎಂದೆ.

“ಅಯ್ಯೋ ಕೂತ್ಕಳವ್ವ, ನಾನೇನ್ ಒತ್ಕಂಡ್ ಓಯ್ತೀನಾ ಸೀಟಾ?”

ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡು ಕೂತೆವು. ಎರಡೇ ಎಳೆತದಲ್ಲಿ ತಾಳ ಕೂಡಿತು. ಹಿಂದೆ ಅವಳಿದ್ದಾಳೆಂಬುದು ನೋಡದೆಯೇ ತಿಳಿಯುತ್ತಿತ್ತು. ಮಕ್ಕಳು ಕೂಗುತ್ತಿದ್ದರು. ದಡ ಹತ್ತಿರ ಬಂತು, ಎಲ್ಲರ ಕಣ್ಣೂ ನಮ್ಮ ಮೇಲಿತ್ತು. ಆಗ ನಾನು ಹುಟ್ಟನ್ನು ಗಾಳಿಯಲ್ಲಿ ನಿಲ್ಲಿಸಿದೆ. ಬೇಕೆಂದೇ ನಿಲ್ಲಿಸಿದೆ. ನೀರಿನ ಮೇಲೆ ಮೊರವೂ ಇರಲಿಲ್ಲ, ಎಲೆಯೂ ಇರಲಿಲ್ಲ. ನನ್ನ ಹಾಗೆ ಅಲಗು ಒತ್ತಿ ದೋಣಿ ಹಿಡಿಯಲು ಅವಳಿಗೆ ಆಗಲಿಲ್ಲ. ಇಬ್ಬರೂ ನೀರಿಗೆ ಬಿದ್ದೆವು.

ಮೊದಲು ದಡ ಹತ್ತಿದವಳು ನಾನು. ಮೈಕು ಹಿಡಿದಿದ್ದವರು ಏನಾಯಿತು ಮೇಡಂ ಎಂದರು. ಅದೇ ಗಳಿಗೆಗೆ ಕಾದಿದ್ದವಳು ಮೈಕಿನಲ್ಲೇ ಹೇಳಿದೆ: “ಹಿಂದಿನವರು ತಾಳ ತಪ್ಪಿದರು.”

ಅವಳು ಸೊಂಟದ ಮಟ್ಟದ ನೀರಿನಲ್ಲಿ ನಿಂತು ನನ್ನನ್ನೇ ನೋಡಿದಳು. ಜಗಳ ಕಾಯಲಿ, ಕೂಗಾಡಲಿ, ಇಲ್ಲ ಎನ್ನಲಿ. ಆಗ ಹಳೆಯದನ್ನೆಲ್ಲ ಆ ಮೈಕಿನಲ್ಲೇ ಹರವಬೇಕೆಂದು ತುದಿಗಾಲಲ್ಲಿ ನಿಂತಿದ್ದೆ.

“ಊ ಕಣ್ರಪ್ಪ, ನಾನೇ ತಪ್ಪಿದ್ದು!” ಎಂದು ಜೋರಾಗಿ ನಕ್ಕಳು. “ಪಾಪ, ಮೇಡಮ್ಮೋರ್ನೂ ಕೆಡವ್ಬುಟ್ಟೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಾದ ಮಾತು ಅವಳ ಬಾಯಿಂದ ಬಂತು, ಆದರೆ ಬೇರೆ ರೇಸಿಗೆ ಬಂತು.

ಶೆಡ್ಡಿನ ಹಿಂದೆ ಬಟ್ಟೆ ಬದಲಾಯಿಸುವಾಗ ಇಬ್ಬರೇ ಇದ್ದೆವು. ನೇರವಾಗಿ ಕೇಳಿದೆ. “ಆವತ್ತು ತಪ್ಪಿದ್ದು ಯಾರು ಅಕ್ಕಾ?”

ಅವಳು ಕೂದಲು ಹಿಂಡುತ್ತಿದ್ದವಳು ತಲೆಯೆತ್ತಲಿಲ್ಲ. “ನೀನ್ ಇವತ್ತು ಬೇಕಂತ್ಲೇ ನಿಲ್ಲುಸ್ದೆ ಅಂತ ನಂಗೊತ್ತು ಕಣೇ. ನಾನ್ಯಾರ್ಗೂ ಯೋಳಕ್ಕಿಲ್ಲ, ಬುಡು. ಅದ್ಕೂ ಇದ್ಕೂ ಸರಿಓಯ್ತು.”

ಸರಿಹೋಯಿತಂತೆ! ಅವಳಿಗೆ ಒದ್ದೆಯಾದದ್ದು ಒಂದು ಜೊತೆ ಬಟ್ಟೆ. ನನ್ನದು ಒಂದು ಆಯುಷ್ಯ. ಇದು ಸಮವಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ ಮಗಳು ಬಂದು ಕರೆದುಕೊಂಡು ಹೋದಳು. ಮುಂದಿನ ಸಲ ಬಿಡುವುದಿಲ್ಲ ಎಂದುಕೊಂಡೆ...

ಮುಂದಿನ ಸಲ ಬರಲಿಲ್ಲ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲವಂತೆ. ತಿಥಿಗೆ ಹೋಗಿ ಎಲೆ ಮುಂದೆ ಕೂತು, ಬಡಿಸಿದ್ದನ್ನೆಲ್ಲ ಉಂಡು, ಬಸ್ಸು ಹಿಡಿದು ಬಂದೆ. ಕಣ್ಣೀರು ಬರಲಿಲ್ಲ. ಹೇಳದೆ ಕೇಳದೆ ತಪ್ಪಿಸಿಕೊಂಡಳಲ್ಲ ಎಂಬ ಉರಿ ಮಾತ್ರ ದಾರಿಯುದ್ದಕ್ಕೂ ಇತ್ತು.

ಇವತ್ತು ಸಂಜೆ ನಾಲ್ಕಕ್ಕೆ ಅವಳ ಮಗಳು ಶೆಡ್ಡಿನ ಹತ್ತಿರ ಬಂದಳು. ಮಂಡ್ಯದಲ್ಲಿ ಕೆಲಸದಲ್ಲಿರುವವಳು. ಅಮ್ಮನ ಹಳೆಯ ಹುಟ್ಟನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದಳು. ಮಕ್ಕಳಿಗೆ ಉಪಯೋಗವಾಗಲಿ ಆಂಟಿ ಎಂದಳು. ತೆಗೆದುಕೊಂಡೆ. ಹೊರಡುವ ಮುನ್ನ ಅವಳೇ ಮಾತು ತೆಗೆದಳು. “ನೀವು ಒಂದ್ಸಲ ತಾಳ ತಪ್ಪಿ ಸೆಲೆಕ್ಷನ್ ಹೋಯ್ತಂತೆ ಅಲ್ವಾ ಆಂಟಿ? ಅಮ್ಮ ಆವಾಗಾವಾಗ ಹೇಳ್ತಾ ಇದ್ರು, ಪಾಪ ಅಂತ.”

ಪಾಪ! ಮನೆಯೊಳಗೂ, ಹೆತ್ತ ಮಗಳ ಹತ್ತಿರವೂ ಅದೇ ಕಥೆ. ಹುಟ್ಟನ್ನು ಗೋಡೆಗೆ ಒರಗಿಸಿ, ಮೊರ, ಬಾಗಿನ, ಕೋಚು, ದಡ, ಎಲ್ಲವನ್ನೂ ಅವಳಿಗೆ ಸರಿಯಾಗಿ ಹೇಳಿದೆ. ದನಿ ಏರಿಸಲಿಲ್ಲ. ತಾಳ ತಪ್ಪಿದವಳು ನಿನ್ನಮ್ಮ, ನಾನಲ್ಲ ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ಆದರೂ ತಲೆಯಾಡಿಸಿದಳು.

“ಇಲ್ಲ ಆಂಟಿ. ನಿಮಗೆ ಹಾಗನ್ನಿಸಿರಬಹುದು. ನಮ್ಮಮ್ಮ ತಪ್ಪು ಮಾಡಿದ್ರೆ ಮುಚ್ಚಿಡೋರೇ ಅಲ್ಲ. ಆವತ್ತು ನೀವಿಬ್ರೂ ನೀರಿಗೆ ಬಿದ್ರಲ್ಲ, ಅಷ್ಟು ಜನದ ಮುಂದೆ ನಾನೇ ತಪ್ಪಿದ್ದು ಅಂತ ಒಪ್ಕೊಳ್ಲಿಲ್ವಾ? ನೀವೇ ನೋಡಿದ್ರಲ್ಲ.”

ನೋಡಿದ್ದೆ. ನಾನೇ ಮೈಕು ಹಿಡಿದು ಊರಿಗೆಲ್ಲ ತೋರಿಸಿದ್ದೆ. ಅದು ಸುಳ್ಳು ಎನ್ನಬೇಕಾದರೆ, ಅವತ್ತು ಹುಟ್ಟು ನಿಲ್ಲಿಸಿದವಳು ನಾನು ಎನ್ನಬೇಕಿತ್ತು. ಎಂದರೂ ಈ ಹುಡುಗಿ ನಂಬುವುದು ಹೇಗೆ? ಆ ಎರಡು ದಿನವೂ ದೋಣಿಯಲ್ಲಿ ಇದ್ದವರು ಇಬ್ಬರೇ. ಒಬ್ಬಳು ಯಾರಿಗೂ ಹೇಳುವುದಿಲ್ಲವೆಂದಳು. ಮಾತು ಉಳಿಸಿಕೊಂಡೇ ಹೋದಳು. ಈ ಭೂಮಿಯ ಮೇಲೆ ನನ್ನ ತಾಳ ತಪ್ಪಿರಲಿಲ್ಲ ಎಂದು ಬಲ್ಲವಳು ಅವಳೊಬ್ಬಳೇ ಇದ್ದಳು...

“ಬಸ್ಸಿಗೆ ಹೊತ್ತಾಗುತ್ತೆ, ಹೊರಡಮ್ಮ” ಎಂದೆ. ಹೊರಟಳು.

ಹುಟ್ಟಿನ ಅಲಗು ತೊಳೆದು ಒರೆಸಿದೆ. ಚೆನ್ನಾಗಿ ಇಟ್ಟುಕೊಂಡಿದ್ದಳು, ಒಂದು ಗೀರೂ ಇಲ್ಲ. ಹೊಸ ಮಕ್ಕಳು ಕಲ್ಲಿಗೆ ಬಡಿದು ಕಲಿಯುವ ಹುಟ್ಟುಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿದೆ. ದೋಣಿಗಳನ್ನು ಮಗುಚಿ ಹಾಕಿದೆ. ಆರು ಗಂಟೆಗೆ ಶೆಡ್ಡಿಗೆ ಬೀಗ ಹಾಕಿದೆ.