ಸಂಘರತ್ನನ ಮನೆಯೊಳಗಿನ ಸಮುದ್ರ

ಹುಮನಾಬಾದಿನಲ್ಲಿ ಕಿಟಕಿಗೆ ಗಾಜು ಕೂಡಿಸುವ ಸಂಘರತ್ನ, ಎರಡು ಕೋಣೆಯ ಮನೆಯೊಳಗೆ ಸಮುದ್ರವನ್ನೇ ಸೆರೆಹಿಡಿಯಲು ಹೊರಟ ಮಹಾವೀರ. ಎಮ್ಮೆ ಮುಳುಗುವಷ್ಟು ದೊಡ್ಡ ಗಾಜಿನ ಮೀನುತೊಟ್ಟಿಯನ್ನು ಒಳಗೇ ಕಟ್ಟಿದ. ನೀರು ತುಂಬಿ ಮೀನು ಬಿಟ್ಟ ಮರುದಿನ ಕೆಳಗಿನ ನೆಲಹಾಸಿನ ಪರಸಿಕಲ್ಲು ಸೀಳಿತು. ಇಡೀ ಮನೆಯಲ್ಲೇ ಸಮತಟ್ಟಾದ ಕಲ್ಲೆಂದು ವೀರನು ಆರಿಸಿದ್ದು, ಅಜ್ಜ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವಿನ ಬಾಯಿ ಮುಚ್ಚಿದ ಕಲ್ಲನ್ನು! ಒಳಗೆಲ್ಲ ಟೊಳ್ಳು. ಬಿರುಕು ನೆಲದಿಂದ ಗೋಡೆಗೂ ಏರಿತು.

“ಗ್ವಾಡಿ ಬಿರಿಯಾಕತ್ತದ, ನೀರು ಖಾಲಿ ಮಾಡ್ರಿ!” ಹೆಂಡತಿ ಸ್ನೇಹಲ ಚೀರಿದಳು.

“ಮೀನು ಸಾಯ್ತಾವಲ್ಲ!”

“ಮೀನಿಗೆ ಕೊಡ ಅವ. ನಮಗ ಇನ್ನೊಂದು ಮನಿ ಅದ ಏನ್ರಿ?”

ವೀರ ತೊಟ್ಟಿಗೆ ಪೈಪು ಹಚ್ಚಿದ. ಸಮುದ್ರ ಗಟಾರಕ್ಕಿಳಿಯಿತು. ಗೋಡೆ ನಿಂತಿತು. ಮೀನುಗಳು ಅಡುಗೆಮನೆಯ ಕೊಡಗಳನ್ನೆಲ್ಲ ಆಕ್ರಮಿಸಿದವು. ಸಂಘರತ್ನ ತಂಬಿಗೆ ಹಿಡಿದು, ಕುಡಿಯುವ ನೀರು ಕೇಳಲು ಪಕ್ಕದ ಮನೆಗೆ ಹೋದ.